ನಿರುದ್ಯೋಗದ ಪಾಠ

ಸಂದರ್ಶನಕ್ಕೆ ಬಂದವನು ತಾನೊಬ್ಬನೇ ಎಂದು ಗೊತ್ತಾದಾಗ ತಿಪ್ಪೇರುದ್ರನಿಗೆ ಮೊದಲು ಅನುಮಾನ ಬಂತು. ಎರಡು ನಿಮಿಷ ಬಿಟ್ಟು ಹೆಮ್ಮೆ ಬಂತು. ಚನ್ನಗಿರಿಯ ಆ ಖಾಸಗಿ ಪಿಯು ಕಾಲೇಜಿನ ವರಾಂಡದಲ್ಲಿ ಎಂಟು ಕುರ್ಚಿಗಳಿದ್ದವು, ಏಳು ಖಾಲಿ. ಅರ್ಥಶಾಸ್ತ್ರದ ಎಂ.ಎ.ಯಲ್ಲಿ ಫಸ್ಟ್ ಕ್ಲಾಸ್ ಬಂದವನು ಬರುತ್ತಾನೆಂದು ತಿಳಿದು ಉಳಿದವರು ಹೆದರಿರಬೇಕು ಎಂದುಕೊಂಡ. ಕೆಲಸ ಹೋದ ಈ ಹದಿನಾಲ್ಕು ತಿಂಗಳಲ್ಲಿ ಅವನಿಗೆ ಮನೆಯ ಬೆಕ್ಕೂ ಹೆದರಿರಲಿಲ್ಲ.

ಇದು ಅರೆಕಾಲಿಕ ಕೆಲಸ, ಗುತ್ತಿಗೆಯದು. ದಿನಕ್ಕೆ ಎರಡು ಪೀರಿಯಡ್, ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ. ಅವನಿಗೆ ಬೇಕಾಗಿದ್ದುದು ಪೂರ್ಣಾವಧಿ ಕೆಲಸ. ಅದಕ್ಕೂ ಅದೇ ದಿನವೇ ಕರೆ ಬಂದಿತ್ತು: ದಾವಣಗೆರೆಯಲ್ಲಿ, ಬಿತ್ತನೆ ಬೀಜದ ಕಂಪನಿಯೊಂದರ ಆಫೀಸಿನಲ್ಲಿ, ಮಧ್ಯಾಹ್ನ ಮೂರು ಗಂಟೆಗೆ. ಹನ್ನೆರಡೂವರೆಯ ಬಸ್ಸು ಹಿಡಿದರೆ ಸಾಕಿತ್ತು.

ಬೆಳಿಗ್ಗೆ ನಲ್ಲೂರಿನಿಂದ ಹೊರಡುವಾಗ ಹೆಂಡತಿ ರೂಪಶ್ರೀ ಅವನ ಕಾಲರ್ ಸರಿಮಾಡುತ್ತಾ ಹೇಳಿದ್ದಳು: "ಚನ್ನಗಿರಿದು ಆದ್ರೆ ಆಗ್ಲಿ, ಬಿಟ್ರೆ ಬಿಡ್ಲಿ. ದಾವಣಗೆರೆದು ಮಾತ್ರ ತಪ್ಪಿಸ್ಕಬ್ಯಾಡ್ರಿ. ವರ್ಷದಿಂದ ಬಂದಿರೋದು ಅದೊಂದೇ."

"ತಪ್ಪಿಸ್ಕಳಾಕೆ ನಂಗೇನು ತಲೆ ಕೆಟ್ಟೈತಾ?" ಎಂದಿದ್ದ.

ಕಾಲೇಜಿನ ಜವಾನ ಗಿಡ್ಡಪ್ಪ ಟೀ ತಂದುಕೊಟ್ಟ. "ಕುಡೀರಿ ಸಾರ್. ಆಮೇಲೆ ಗಂಟ್ಲು ಒಣಗ್ತೈತೆ."

"ಬೇರೆ ಯಾರೂ ಬಂದಿಲ್ವಾ?"

"ಇವತ್ತಿಗೆ ನೀವೊಬ್ರೇ."

ಪ್ರಾಂಶುಪಾಲೆ ನೇತ್ರಾವತಿ ಅವನ ಫೈಲನ್ನು ಬಿಚ್ಚಲೇ ಇಲ್ಲ. "ಫೋನಲ್ಲಿ ಹೇಳಿದ್ವಲ್ಲ, ಏಳನೇ ಪಾಠ. ನೋಡ್ಕಂಡು ಬಂದೀರಾ?"

"ಬಂದೀನಿ ಮೇಡಂ. ನಿರುದ್ಯೋಗ."

"ಹಾಗಾದ್ರೆ ನಡೀರಿ, ಡೆಮೊ ಕ್ಲಾಸ್ ಮಾಡ್ರಿ. ಸರ್ಟಿಫಿಕೇಟ್ ನೋಡಿ ಏನ್ ಮಾಡಾದೈತೆ?"

ಎಂಥ ವಿಶಾಲ ಮನಸ್ಸು ಎಂದು ಅವನು ಕರಗಿಹೋದ. ಬೇರೆ ಕಡೆ ಡೆಮೊ ಎಂದರೆ ಹತ್ತು ನಿಮಿಷ. ಎದುರಿಗೆ ಆಕಳಿಸುವ ಮೂವರು. ಇಲ್ಲಿ ಐವತ್ತು ಮಕ್ಕಳು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದುಕೊಂಡು ಕುಳಿತಿದ್ದರು. ಹಾಜರಿ ಪುಸ್ತಕವನ್ನೂ ಅವನ ಕೈಗೇ ಕೊಟ್ಟರು. ಹುಡುಗರು ಯಾರೂ ಅವನ ಹೆಸರು ಕೇಳಲಿಲ್ಲ, ಪಿಸುಗುಟ್ಟಲಿಲ್ಲ. ಇದಪ್ಪಾ ಶಿಸ್ತು ಎಂದುಕೊಂಡ. ಬೋರ್ಡಿನ ಮೇಲೆ ಆರನೇ ಪಾಠದ ಕೊನೆಯ ಪ್ರಶ್ನೆಗಳು ಯಾರದೋ ಸೊಟ್ಟ ಅಕ್ಷರದಲ್ಲಿ ಹಾಗೇ ಉಳಿದಿದ್ದವು. ಇಂಥ ಅಕ್ಷರದವರಿಗೂ ಇಲ್ಲಿ ಕೆಲಸ ಸಿಕ್ಕಿದ್ದರೆ ತನಗೇನು ಕಷ್ಟ ಎಂದು ಧೈರ್ಯ ಬಂದು ಅದನ್ನು ಒರೆಸಿದ.

ಪಾಠ ಸೊಗಸಾಗಿ ಸಾಗಿತು. ಈ ವಿಷಯದಲ್ಲಿ ಅವನಷ್ಟು ಅನುಭವ ಇದ್ದವರು ತಾಲ್ಲೂಕಿನಲ್ಲೇ ಕಡಿಮೆ. ಮರೆಮಾಚಿದ ನಿರುದ್ಯೋಗ ಎಂದರೇನೆಂದು ಮುಂದಿನ ಬೆಂಚಿನ ಚೈತ್ರಶ್ರೀ ಕೇಳಿದಳು.

"ಒಂದು ಹಾರ್ಡ್‌ವೇರ್ ಅಂಗಡಿ ಐತೆ ಅಂತಿಟ್ಕಳ್ರಿ. ಅಣ್ಣ, ಅತ್ತಿಗೆ ಇಬ್ರೇ ಸಾಕು. ಮೂರನೆಯವನು ಒಬ್ಬ ದಿನಾ ಸ್ಟೂಲ್ ಮೇಲೆ ಕೂತಿರ್ತಾನೆ. ನೋಡೋರಿಗೆ ಕೆಲ್ಸ ಮಾಡಿದಂಗೇ ಕಾಣ್ತೈತೆ. ಎದ್ದು ಹೋದ್ರೂ ವ್ಯಾಪಾರ ಅಷ್ಟೇ ಇರ್ತೈತೆ."

ಮಕ್ಕಳು ನಕ್ಕರು. ಅವನೂ ನಕ್ಕ. ಆ ಸ್ಟೂಲಿನ ಎತ್ತರ ಎಷ್ಟೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹನ್ನೆರಡಕ್ಕೆ ಗಂಟೆ ಹೊಡೆಯಿತು. ನೇತ್ರಾವತಿ ಬಾಗಿಲಲ್ಲೇ ನಿಂತಿದ್ದರು. "ಭಾಳ ಚೆನ್ನಾಗಿ ಅರ್ಥ ಮಾಡಿಸ್ತೀರಿ. ಆದ್ರೆ ಪಾಠ ಅರ್ಧಕ್ಕೇ ನಿಂತಂಗಾತು. ಮುಂದಿನ ಪೀರಿಯಡ್ಡೂ ಖಾಲಿ ಐತೆ. ಮುಗಿಸಿಬಿಡ್ತೀರಾ?"

ಅವನು ಗಡಿಯಾರ ನೋಡಿದ. "ಮೇಡಂ, ನನ್ನ ವಿಷಯ..."

"ಫೋನ್ ಮಾಡ್ತೀವ್ರೀ. ನಮಗೆ ನಿಮ್ಮಂಥೋರೇ ಬೇಕಾಗಿರಾದು."

ಬೇಡವಾದವನಿಗೆ ಯಾರಾದರೂ ಇನ್ನೊಂದು ಪೀರಿಯಡ್ ಕೊಡುತ್ತಾರೆಯೇ? ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಒಬ್ಬರು "ಬೇಕು" ಎಂದಿದ್ದರು. ಅವನಿಗೆ ಅಳು ಬರುವಷ್ಟು ಸಂತೋಷವಾಯಿತು. ಎರಡು ಪೀರಿಯಡ್ಡಿನ ಕೆಲಸವಾದರೇನು, ಮುಂದಿನ ವರ್ಷ ನಾಲ್ಕಾಗಬಹುದು, ಆಮೇಲೆ ಕಾಯಂ ಆಗಬಹುದು. ಕಾರಿಡಾರಿನ ಕಂಬದ ಹತ್ತಿರ ನಿಂತು ಅವನು ಪ್ರಾಂಶುಪಾಲನೂ ಆಗಿಬಿಟ್ಟ. ಆಮೇಲೆ ದಾವಣಗೆರೆಗೆ ಫೋನ್ ಮಾಡಿದ.

"ಮೂರು ಗಂಟೆಗೆ ಬರೋಕೆ ಆಗಲ್ಲ ಮೇಡಂ. ನನಗೆ ಬೇರೆ ಕಡೆ ಆಗಿದೆ."

"ಬೇಕಿದ್ರೆ ನಾಳೆ ಬನ್ನಿ ಸರ್," ಎಂದಳು ಆ ಕಡೆಯ ಹೆಣ್ಣುಮಗಳು.

"ಬೇಡ, ಬೇರೆಯವರಿಗೆ ಕೊಡಿ. ಪಾಪ, ಎಷ್ಟೋ ಜನ ಕಾಯ್ತಾ ಇರ್ತಾರೆ."

ಜೀವನದಲ್ಲಿ ಇಂಥ ಮಾತು ಹೇಳುವ ಯೋಗ ಎಲ್ಲರಿಗೂ ಬರುವುದಿಲ್ಲ. ಅವನು ಅದನ್ನು ನಿಧಾನವಾಗಿ ಹೇಳಿ, ಫೋನಿಟ್ಟು, ಕೂಡಲೇ ರೂಪಶ್ರೀಗೆ ಮಾಡಿದ.

"ಚನ್ನಗಿರಿದು ಆದಂಗೇ ಕಣೇ."

"ಆದಂಗಾ, ಆತಾ?" ಎಂದಳು ಅವಳು.

"ಏನ್ ಮಾತಾಡ್ತೀಯ, ಆಗ್ಲೇ ಎರಡನೇ ಕ್ಲಾಸ್ ತಗಳ್ತಾ ಇದೀನಿ!"

ಎರಡನೇ ಪೀರಿಯಡ್ಡಿನಲ್ಲಿ ಅವನು ಪಾಠ ಮುಗಿಸಿದ, ಪ್ರಶ್ನೆಗಳನ್ನೂ ಬರೆಸಿದ. ಕೊನೆಯ ಗಂಟೆಗೆ ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತಾ, ಮನೆಯ ಯಜಮಾನನ ಗತ್ತಿನಲ್ಲಿ ಹೇಳಿದ: "ನಾಳೆ ಎಂಟನೇ ಪಾಠ ಶುರು ಮಾಡಾಣ. ಎಲ್ರೂ ಒಂದ್ಸಲ ಓದ್ಕಂಡು ಬರ್ರಿ."

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚೈತ್ರಶ್ರೀ ಎದ್ದು ನಿಂತಳು. ಅವಳ ದನಿಯಲ್ಲಿ ಮರ್ಯಾದೆ ಇತ್ತು, ಸ್ವಲ್ಪ ಕನಿಕರವೂ ಇತ್ತು.

"ಎಂಟನೇದು ನಾಳೆ ಇಂಟರ್‌ವ್ಯೂಗೆ ಬರೋರು ಮಾಡ್ತಾರೆ ಸಾರ್; ಈ ವರ್ಷ ಒಂದೊಂದು ಪಾಠಕ್ಕೂ ಒಬ್ಬೊಬ್ರು ಬಂದು ಹೋಗ್ಯಾರೆ."