ಯೆಸ್ ಅಂದವನ ಚೆಂಡು

2019ರ ಸೆಪ್ಟೆಂಬರ್ 14, ಶನಿವಾರ, ಸಂಜೆ 4 ಗಂಟೆ 37 ನಿಮಿಷ. ಎದುರಾಳಿಗಳು ನಡುಮೈದಾನದಿಂದ ಎತ್ತಿ ಒದ್ದ ಚೆಂಡು ಕಡಲ ಗಾಳಿಗೆ ಓಲಾಡುತ್ತ ಗೋಲಿನ ಮುಂದೆ ಇಳಿಯುತ್ತಿತ್ತು. ಅದರ ಕೆಳಗೆ ಇಬ್ಬರಿದ್ದರು: ಹಿಂದಕ್ಕೆ ಓಡಿಬರುತ್ತಿದ್ದ ಮಿಡ್‌ಫೀಲ್ಡರ್ ವಾಚೆ, ಮುಂದೆ ಬರಲೋ ಬೇಡವೋ ಎಂದು ಅಳೆಯುತ್ತಿದ್ದ ಗೋಲ್‌ಕೀಪರ್ ಯಾರ್ಮೊ. "ನಂದಾ?" ಎಂದು ಯಾರ್ಮೊ ಇಂಗ್ಲಿಷಿನಲ್ಲಿ ಕೂಗಿದ. "ಯೆಸ್!" ಎಂದ ವಾಚೆ. ಮರುಕ್ಷಣ ಇಬ್ಬರೂ ಒಟ್ಟಿಗೇ ಜಿಗಿದರು. ವಾಚೆಯ ತಲೆ ಯಾರ್ಮೊನ ಮೂಗಿಗೆ ಬಡಿಯಿತು. ಚೆಂಡು ಇಬ್ಬರನ್ನೂ ದಾಟಿ, ಎರಡು ಸಲ ಪುಟಿದು, ಬಲೆಯೊಳಗೆ ಹೋಗಿ ಕುಳಿತಿತು.

ವಿರಾಮದಲ್ಲಿ ಕೋಚ್ ವೇಯ್ಕೊ ಕೂಗಾಡಲಿಲ್ಲ. ಫಿನ್ಲೆಂಡಿನವರ ಮೌನ ಬೈಗುಳಕ್ಕಿಂತ ಭಾರ ಎಂಬುದು ವಾಚೆಗೆ ನಾಲ್ಕು ತಿಂಗಳಲ್ಲಿ ಅರ್ಥವಾಗಿತ್ತು. ಅವನ ಊರಾದ ಗ್ಯುಮ್ರಿಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಮೂರು ತಲೆಮಾರಿನ ಜನ್ಮ ಜಾಲಾಡಿ ಮುಗಿದು, ಕಾಫಿಯೂ ಬಂದಿರುತ್ತಿತ್ತು. ಅವನನ್ನು ಇನ್ನೆರಡು ವರ್ಷ ಇಟ್ಟುಕೊಳ್ಳುವುದೋ, ಅರ್ಮೇನಿಯಾಕ್ಕೆ ವಿಮಾನ ಹತ್ತಿಸುವುದೋ ಎಂಬುದು ಈ ಪಂದ್ಯ ಮುಗಿದ ಮೇಲೆ ತೀರ್ಮಾನವಾಗಬೇಕಿತ್ತು.

"ಅಂಗಿ ಬಿಚ್ಚು. ನಿನ್ನ ಜಾಗಕ್ಕೆ ಬೇರೆಯವನನ್ನ ಇಳಿಸ್ತೀನಿ," ಎಂದ ಕೋಚ್. "ಅವನು ಕೇಳಿದ, ನೀನು ಹೌದು ಅಂದೆ. ಹೌದು ಅಂದಮೇಲೆ ಮತ್ಯಾಕೆ ಹಾರಿದೆ?"

"ನಾನು ಹೌದು ಅನ್ನಲಿಲ್ಲ, ಕೋಚ್."

ಮೂಗಿಗೆ ಹತ್ತಿ ತುರುಕಿಕೊಂಡು ಕೂತಿದ್ದ ಯಾರ್ಮೊ ತಲೆಯೆತ್ತಿದ. "ಮಾರಾಯ, ಒಡೆದಿರೋದು ನನ್ನ ಮೂಗು, ಕಿವಿ ಅಲ್ಲ. ಯೆಸ್ ಅಂದೆ ನೀನು."

"ಅಂದೆ. ನಮ್ಮ ಭಾಷೇಲಿ ಯೆಸ್ ಅಂದ್ರೆ ಹೌದು ಅಲ್ಲ, ಯಾರ್ಮೊ ಜಾನ್. ಯೆಸ್ ಅಂದ್ರೆ 'ನಾನು'." ಜಾನ್ ಎಂಬುದು ಅವನೂರಿನವರು ಪ್ರೀತಿಯಿಂದ ಹೆಸರಿಗೆ ಸೇರಿಸುವ ಮಾತು.

ಮೂಲೆಯಲ್ಲಿ ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ಮೊದಲು ಕಜಕಸ್ತಾನದಲ್ಲಿ, ಆಮೇಲೆ ಮಾಲ್ಡೋವಾದಲ್ಲಿ, ಒಟ್ಟು ಏಳು ವರ್ಷ ವಾಚೆ ಹೊರದೇಶಗಳಲ್ಲಿ ಆಡಿದ್ದ. ಅಲ್ಲೆಲ್ಲ ಮೈದಾನದ ಮಾತು ರಷ್ಯನ್. ಈ ಪದ ಯಾರನ್ನೂ ದಾರಿ ತಪ್ಪಿಸಿರಲಿಲ್ಲ. ಗ್ಯುಮ್ರಿಯ ಬೀದಿಯಾಟದಲ್ಲಂತೂ ಯೆಸ್ ಅಂದವನದೇ ಚೆಂಡು. ಕೈತಪ್ಪಿದರೆ ಬೈಗುಳವೂ ಅವನೊಬ್ಬನದೇ.

ಯಾರ್ಮೊ ಲೆಕ್ಕವೊಂದನ್ನು ಮತ್ತೆ ಕೂಡಿಸಿ ನೋಡುವವನಂತೆ ನಿಧಾನವಾಗಿ ಹೇಳಿದ: "ಅಂದ್ರೆ ನೀನು 'ನಾನು' ಅಂದೆ. ನನಗೆ 'ನೀನು' ಅಂತ ಕೇಳಿಸ್ತು. ಮತ್ತೆ ಹೌದು ಅನ್ನೋಕೆ ನಿಮ್ಮಲ್ಲಿ ಏನಂತಾರೆ?"

"ಹಾ."

"ಅದನ್ನ ನಾವು ನಗೋಕೆ ಇಟ್ಕೊಂಡಿದ್ದೀವಿ."

ಕೋಚ್ ಮಾತ್ರ ನಗಲಿಲ್ಲ. "ಇನ್ಮೇಲೆ ಇಂಗ್ಲಿಷಲ್ಲೇ ಕೂಗು."

"ಅಭ್ಯಾಸದಲ್ಲಾದ್ರೆ ಕೂಗ್ತೀನಿ. ಚೆಂಡು ತಲೆ ಮೇಲಿದ್ದಾಗ ಬಾಯಿಗೆ ಬರೋದು ಅಮ್ಮ ಕಲಿಸಿದ್ದೇ. ಸುಳ್ಳು ಮಾತು ಕೊಡಲ್ಲ, ಕೋಚ್. ನನ್ನ ಬಾಯಿ ತಿದ್ದೋದಕ್ಕಿಂತ ಇವರ ಕಿವಿ ತಿದ್ದೋದು ಸುಲಭ."

"ನಿನಗೋಸ್ಕರ ಹತ್ತು ಜನ ಅರ್ಮೇನಿಯನ್ ಕಲೀಬೇಕಾ?"

"ಪೂರ್ತಿ ಯಾಕೆ? ಒಂದೇ ಪದ. ಅದೂ ನಿಮಗೆಲ್ಲ ಬಾಯಿಗೆ ಬರೋ ಪದಾನೇ."

ವಾಚೆ ಅಂಗಿಗೆ ಕೈ ಹಾಕಿರಲಿಲ್ಲ. ಅವನು ಅಂಗಲಾಚುತ್ತಲೂ ಇರಲಿಲ್ಲ. ಆ ಚೆಂಡು ತನ್ನದೇ ಆಗಿತ್ತು, ಇನ್ನೊಮ್ಮೆ ಬಂದರೂ ತನ್ನದೇ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಬದಲಿ ಆಟಗಾರ ಆಗಲೇ ಬೂಟಿನ ದಾರ ಬಿಗಿದು ಎದ್ದು ನಿಂತಿದ್ದ.

"ಇವನು ಇರಲಿ, ಕೋಚ್," ಎಂದ ಯಾರ್ಮೊ. "ಏಟು ತಿಂದವನು ನಾನು, ನಾನೇ ಹೇಳ್ತಿದ್ದೀನಿ."

"ಮತ್ತೆ ಅಂಥದ್ದೇ ಚೆಂಡು ಬಂದ್ರೆ?"

"ಬಂದ್ರೆ ನಾನು ಬಿಟ್ಟುಬಿಡ್ತೀನಿ."

ಕೋಚ್ ಗಡಿಯಾರ ನೋಡಿದ. ಆಮೇಲೆ ಬದಲಿ ಆಟಗಾರನಿಗೆ ಕೂತುಕೊಳ್ಳುವಂತೆ ಕೈಸನ್ನೆ ಮಾಡಿದ.

ಅರವತ್ತಮೂರನೇ ನಿಮಿಷದಲ್ಲಿ ವಾಚೆ ಇಬ್ಬರ ನಡುವಿನ ಸಂದಿಯಲ್ಲಿ ತೂರಿಸಿದ ಚೆಂಡಿನಿಂದ ಒಂದು ಗೋಲು ಬಂದು ಆಟ ಸಮವಾಯಿತು. ಎಂಬತ್ತೊಂಬತ್ತನೇ ನಿಮಿಷದಲ್ಲಿ ಎದುರಾಳಿಗಳಿಗೆ ಕಾರ್ನರ್ ಸಿಕ್ಕಿತು. ಒದ್ದ ಚೆಂಡು ಹೊರಕ್ಕೆ ಹೋಗುವಂತೆ ಕಂಡು, ಗಾಳಿಗೆ ತಿರುಗಿ, ಗೋಲಿನ ಒಳಮೂಲೆಗೇ ಇಳಿಯತೊಡಗಿತು. ಯಾರ್ಮೊನ ಕೈಗಳು ಆಗಲೇ ಮೇಲೆದ್ದಿದ್ದವು. "ನಂದಾ?"

"ಯೆಸ್!"

ಯಾರ್ಮೊ ಕೈ ಇಳಿಸಿದ. ಇಳಿಸಿದ್ದಷ್ಟೇ ಅಲ್ಲ, ಗೋಲು ಕಂಬಕ್ಕೆ ಬೆನ್ನು ಹಚ್ಚಿ ದಾರಿ ಬಿಟ್ಟು ನಿಂತ. ಗ್ಯಾಲರಿಯಲ್ಲಿ ಸಾವಿರ ಜನ ಒಟ್ಟಿಗೆ ಉಸಿರೆಳೆದುಕೊಂಡರು. ಹಿಂದಡಿಯಿಡುತ್ತ ಬಂದ ವಾಚೆ ಮೈಯನ್ನು ಬಿಲ್ಲಿನಂತೆ ಬಾಗಿಸಿ ಜಿಗಿದು, ಹಣೆಯಿಂದ ಚೆಂಡನ್ನು ಅಡ್ಡಪಟ್ಟಿಯ ಮೇಲಿಂದ ಆಚೆಗೆ ದಾಟಿಸಿದ. ಪಂದ್ಯ ಸಮದಲ್ಲೇ ಮುಗಿಯಿತು.

ಕೋಚ್ ವಾಚೆಯನ್ನು ತನ್ನ ಕೋಣೆಗೆ ಕರೆಸಿದಾಗ ಆ ಕ್ಷಣದ ಚಿತ್ರ ಪರದೆಯ ಮೇಲೆ ನಿಂತಿತ್ತು. "ಯಾರ್ಮೊ ಹದಿನೆಂಟು ವರ್ಷದಿಂದ ಗೋಲು ಕಾಯ್ತಿದ್ದಾನೆ," ಎಂದ ಕೋಚ್. "ಬರ್ತಿರೋ ಚೆಂಡಿಗೆ ಕೈ ಇಳಿಸಿ ನಿಂತಿದ್ದು ಇವತ್ತೇ ಮೊದಲು." ಎರಡು ವರ್ಷದ ಒಪ್ಪಂದದ ಹಾಳೆಯನ್ನು ವಾಚೆಯ ಮುಂದೆ ಸರಿಸಿ, ತಾನು ಪರದೆಗೆ ಸ್ಕೇಲ್ ಹಿಡಿದ. ಗೋಲು ಕಂಬದ ಅಗಲ ಹನ್ನೆರಡು ಸೆಂಟಿಮೀಟರ್. ಅದನ್ನೇ ಅಳತೆಗೋಲಾಗಿಟ್ಟುಕೊಂಡು, ವಾಚೆಯ ಹಣೆ ಮುಟ್ಟಿದ ಗಳಿಗೆಯಲ್ಲಿ ಚೆಂಡು ಗೋಲು ಗೆರೆಯಿಂದ ಎಷ್ಟು ಈಚೆಗಿತ್ತೆಂದು ಎರಡು ಸಲ ಲೆಕ್ಕ ಹಾಕಿದ. ಎರಡು ಸಲವೂ ಒಂದೇ ಉತ್ತರ ಬಂತು.

ಮೂವತ್ತನಾಲ್ಕು ಸೆಂಟಿಮೀಟರ್.