ಹಗಲು ಪಾಳಿ

"ಏನ್ ಯಲ್ಲಯ್ಯ, ಇಲ್ಲಿದೀಯ? ಡ್ಯೂಟಿ ಇಲ್ವಾ?"

ಬೇವಿನ ಮರದ ಮರೆಗೆ ಸರಿಯುವಷ್ಟರಲ್ಲಿ ತಡವಾಗಿತ್ತು. ತುಮಕೂರಿನ ಅಮಾನಿಕೆರೆ ಪಾರ್ಕಿನಲ್ಲಿ, ಗುಬ್ಬಿಯ ತನ್ನ ಬೀದಿಯವನೇ ಆದ ರೇವಣಸಿದ್ದಯ್ಯ ಎದುರಿಗೇ ನಿಂತಿದ್ದ. ಯಲ್ಲಯ್ಯನ ಮೈಮೇಲೆ ವಾಚ್‌ಮನ್ನರ ಖಾಕಿ ಅಂಗಿ, ಕೈಯಲ್ಲಿ ಊಟದ ಚೀಲ.

"ಡ್ಯೂಟಿ ಮೇಲೇ ಇದೀನಿ ಕಣಪ್ಪ. ಮೆಲ್ಲಗ್ ಮಾತಾಡು."

ರೇವಣಸಿದ್ದಯ್ಯ ಅಂಗಿ ನೋಡಿದ, ಚೀಲ ನೋಡಿದ, ಕೆರೆ ನೋಡಿದ. ಅವನ ಮುಖ ಇಳಿಯಿತು.

"ಕೆಲ್ಸ ಹೋಯ್ತಾ?"

"ಹೋಯ್ತು. ಮನೇಲಿ ಯಾರ್ಗೂ ಗೊತ್ತಿಲ್ಲ. ನನ್ನ ಇಲ್ಲಿ ಕಂಡೆ ಅಂತ ಎಲ್ಲೂ ಬಾಯ್ಬಿಡ್ಬ್ಯಾಡ."

"ನಿಂಗ್ಯಾಕೆ ಈ ಪಾಡು? ಮಗ ದುಡೀತಾನಲ್ಲ, ಮನೇಲಿರೋದು ತಾನೆ?"

"ಮನೇಲಿ ಕೂತ್ರೆ ಮನ್ಸು ನಿಲ್ಲಲ್ಲ, ಬುಡು."

ರೇವಣಸಿದ್ದಯ್ಯ ಪಾಪ ಅಂದುಕೊಳ್ಳುತ್ತ ತಾನು ಹೊರಟಿದ್ದ ಆಸ್ಪತ್ರೆಯ ದಾರಿ ಹಿಡಿದ. ಯಲ್ಲಯ್ಯ ಮತ್ತೆ ಮರಕ್ಕೆ ಒರಗಿ ಕೆರೆಯ ಕಡೆ ತಿರುಗಿದ.

ಗುಟ್ಟು ಇಷ್ಟೇ. ತುಮಕೂರಿನ ಬಟವಾಡಿಯ ಗೋಡೌನೊಂದರಲ್ಲಿ ತನಗೆ ಹಗಲು ಪಾಳಿ ಎಂದು ಅವನು ಮನೆಯಲ್ಲಿ ಹೇಳಿದ್ದ. ಹೆಂಡತಿ ನಿಂಗಮ್ಮ ನಂಬಿದ್ದಳು. ಮಗ ಅಂಜನ್‌ಕುಮಾರ್ ನಂಬಿದ್ದ, ಸೊಸೆ ಪೂಜಾ ನಂಬಿದ್ದಳು. ಆ ಗೋಡೌನು ಮಾತ್ರ ಎಲ್ಲೂ ಇರಲಿಲ್ಲ.

ದಿನಾ ಬೆಳಗ್ಗೆ ಪೂಜಾ ಎರಡು ಡಬ್ಬಿ ಕಟ್ಟುತ್ತಾಳೆ. ಒಂದು ಗಂಡನಿಗೆ; ಅವನದು ತುಮಕೂರಿನಾಚೆ ಕೋರ ಕಡೆಯ ಕಾರ್ಖಾನೆಯಲ್ಲಿ ಮಷಿನ್ ಆಪರೇಟರ್ ಕೆಲಸ, ಆ ಸಂಬಳದ ಮೇಲೇ ಮನೆ ನಡೆಯಬೇಕು. ಇನ್ನೊಂದು ಮಾವನಿಗೆ. ಮಗ ಮೊದಲ ಬಸ್ಸಿಗೆ ಹೋದರೆ ಅಪ್ಪ ಅದರ ನಂತರದ ಬಸ್ಸಿಗೆ. ಆ ನಡುವಿನ ಹೊತ್ತು ಕಳೆಯುವುದೇ ಯಲ್ಲಯ್ಯನಿಗೆ ದೊಡ್ಡ ಕಷ್ಟ. ತುಮಕೂರಿನಲ್ಲಿ ಇಳಿದವನು ಕೆರೆಯ ತನಕ ಏದುಸಿರು ಬಿಡುತ್ತ ಓಡುತ್ತಾನೆ. ಕೇಳುವವರಿಲ್ಲ, ಹಾಜರಿ ಹಾಕುವವರಿಲ್ಲ, ಅದೇನು ಅವಸರವೋ.

ಕೆಲಸ ಹೋದವನ ಸಂಕಟ ಅವನಿಗೆ ಹೊಸದಲ್ಲ. ಹಿಂದೊಮ್ಮೆ ಗುಬ್ಬಿಯ ಎಣ್ಣೆ ಮಿಲ್ಲು ಇದ್ದಕ್ಕಿದ್ದಂತೆ ಬಾಗಿಲು ಹಾಕಿದಾಗ ಮನೆಯಲ್ಲಿ ಹೇಳಲು ಬಾಯಿ ಬಂದಿರಲಿಲ್ಲ. ಊರಾಚೆಯ ಬಾವಿಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದ. ನೀರು ನೋಡುತ್ತ ಒಬ್ಬನೇ ಕೂತವನ ತಲೆಯಲ್ಲಿ ಬರಬಾರದ್ದೆಲ್ಲ ಬರುತ್ತದೆ. ಆಗ ಒಂದು ನರಪಿಳ್ಳೆಯೂ ಹತ್ತಿರ ಇರಲಿಲ್ಲವಲ್ಲ ಎಂದು ಈಗಲೂ ನೆನೆಯುತ್ತಾನೆ.

ಈಗಲಾದರೂ ಮನೆಯಲ್ಲಿ ಹೇಳಿಬಿಡಬಹುದಿತ್ತು. ಆದರೆ ಸೊಸೆ ತುಂಬಿದ ಬಸುರಿ. ಮೇಲಾಗಿ ಕೆಲಸವಿಲ್ಲದವನು ಎಂದು ಗೊತ್ತಾದ ಮೇಲೆ ಗಂಡಸಿಗೆ ತಟ್ಟೆಯ ಮುಂದೆ ತಲೆಯೆತ್ತಿ ಕೂರುವುದು ಎಷ್ಟು ಕಷ್ಟ ಎಂಬುದನ್ನು ಅವನು ಬಲ್ಲ. ಹಾಗಾಗಿ ಅವನು ಬೇಡುವುದು ಒಂದೇ: ಇವತ್ತೊಂದು ದಿನ ಏನೂ ಆಗದೆ ಸಂಜೆಗೆ ಮನೆ ಸೇರಬೇಕು. ನಾಳೆಯದನ್ನು ನಾಳೆ ಬೇಡಿದರಾಯಿತು.

ಮಧ್ಯಾಹ್ನವಾಯಿತು. ಹಸಿವಾಗಿದ್ದರೂ ಡಬ್ಬಿ ಬಿಚ್ಚಲಿಲ್ಲ. ಕೆರೆಯ ಅಂಚಿನಲ್ಲಿ ಯಾರೋ ಎದ್ದು ನೀರಿನತ್ತ ಬಗ್ಗಿದರು. ಯಲ್ಲಯ್ಯ ದಡಕ್ಕನೆ ಎದ್ದು ನಿಂತ. ಬಗ್ಗಿದವರು ಉಂಡ ಡಬ್ಬಿ ತೊಳೆದುಕೊಂಡು ತಮ್ಮ ಜಾಗಕ್ಕೆ ಹೋಗಿ ಕೂತರು. ಯಲ್ಲಯ್ಯನೂ ಮತ್ತೆ ಮರಕ್ಕೆ ಒರಗಿದ. ಆಮೇಲೆ ತನ್ನ ಡಬ್ಬಿ ಬಿಚ್ಚಿ, ತಣ್ಣಗಾದ ಚಿತ್ರಾನ್ನವನ್ನು ಮರದ ಹಿಂದೆ ಒಬ್ಬನೇ ಕೂತು ತಿಂದ.

ಅವತ್ತು ಇನ್ನೊಂದು ಫಜೀತಿ ಇತ್ತು. ಮರುದಿನ ಆಯುಧಪೂಜೆ. ಹಿಂದಿನ ದಿನವೇ ಕಂಪನಿಗಳಲ್ಲಿ ಪೂಜೆ ಮುಗಿಸಿ ಕೆಲಸಗಾರರಿಗೆ ಕಡ್ಲೆಪುರಿ, ಸ್ವೀಟ್ ಬಾಕ್ಸ್ ಕೊಟ್ಟು ಕಳಿಸುತ್ತಾರೆ. ಬರಿಗೈಯಲ್ಲಿ ಹೋದರೆ ನಿಂಗಮ್ಮ ಕೇಳದೆ ಬಿಡುವವಳಲ್ಲ.

ಸಂಜೆ ಬಸ್‌ಸ್ಟ್ಯಾಂಡ್ ಬಳಿಯ ಬೇಕರಿಯ ಎದುರು, ಮುಂದಿದ್ದ ಗಿರಾಕಿ ಪೊಟ್ಟಣ ಕಟ್ಟಿಸಿಕೊಂಡು ತಿರುವು ದಾಟುವ ತನಕ ಅವನು ರಸ್ತೆಯಾಚೆಯೇ ನಿಂತಿದ್ದ. ಆಮೇಲೆ ಒಳಗೆ ಹೋದ.

"ಈಗ ಒಬ್ರು ತಗೊಂಡೋದ್ರಲ್ಲ, ಅಂಥದ್ದೇ ಕೊಡಿ. ಅದೇ ಸ್ವೀಟು, ಅದೇ ಬಾಕ್ಸು."

ಮನೆ ಮುಟ್ಟಿದಾಗ ದೀಪ ಹಚ್ಚಿದ್ದರು. ಮಗ ಆಗಲೇ ಬಂದು ಕೈಕಾಲು ತೊಳೆದು ಊಟಕ್ಕೆ ಕೂತಿದ್ದ. ನಿಂಗಮ್ಮ ಅವನ ಪೊಟ್ಟಣದ ಪಕ್ಕದಲ್ಲಿ ಗಂಡನದನ್ನೂ ಇಟ್ಟಳು.

"ಇದೇನ್ರೀ, ಬೇರೆ ಬೇರೆ ಕಡೆ ಕೆಲ್ಸ, ಒಂದೇ ಬೇಕರಿ ಡಬ್ಬ?"

ಅಂಜನ್‌ಕುಮಾರನ ಕೈ ತುತ್ತಿನಲ್ಲೇ ನಿಂತಿತು.

"ತುಮಕೂರಲ್ಲಿ ಕಂಪ್ನಿಯವ್ರೆಲ್ಲ ಅಲ್ಲೇ ಕಣೇ ಆರ್ಡ್ರು ಕೊಡೋದು," ಎಂದ ಯಲ್ಲಯ್ಯ. "ನಿಂಗೇನ್ ಗೊತ್ತು, ಸುಮ್ನಿರು."

ನಿಂಗಮ್ಮ ಒಂದು ಡಬ್ಬ ಬಿಚ್ಚಿ ಸೊಸೆಗೆ ಮೈಸೂರ್‌ಪಾಕು ಕೊಟ್ಟಳು. ಮಗ ಮತ್ತೆ ಉಣ್ಣತೊಡಗಿದ. ಕೈ ತೊಳೆಯಲು ಎದ್ದವನು ಕೇಳಿದ.

"ಹಬ್ಬ ಮುಗಿದ್ಮೇಲೆ ನಿಂಗ್ ಯಾವತ್ತಿಂದ ಡ್ಯೂಟಿ, ಅಪ್ಪ?"

"ನೀನ್ ಯಾವತ್ತು ಹೋಗ್ತೀಯೋ ಅವತ್ತೇ ಕಣಪ್ಪ."

ಹಿಂದೊಂದು ದಿನ ಕಣ್ಣು ತೋರಿಸಲೆಂದು ತುಮಕೂರಿಗೆ ಹೋಗಿದ್ದ ಯಲ್ಲಯ್ಯ, ಕಾರ್ಖಾನೆಯಲ್ಲಿ ಇರಬೇಕಾದ ಹೊತ್ತಿನಲ್ಲಿ ಅಮಾನಿಕೆರೆಯ ಅಂಚಿನಲ್ಲಿ ಊಟದ ಡಬ್ಬಿ ಇಟ್ಟುಕೊಂಡು ಒಬ್ಬನೇ ನೀರು ನೋಡುತ್ತ ಕೂತಿದ್ದ ಮಗನನ್ನು ಕಂಡ ಮಾರನೆಯ ದಿನವೇ, ಬಟವಾಡಿಯಲ್ಲಿ ಆ ಗೋಡೌನು ಹುಟ್ಟಿಕೊಂಡಿತ್ತು.