ನೀಲಿ ಮೀನಿನ ಕಲ್ಲು

ಅಕ್ವೇರಿಯಂನ ನೀಲಿ ಮೀನು ಕಲ್ಲಿನ ಸಂದಿಯಿಂದ ನುಗ್ಗಿ ಬಂದು ಕಿತ್ತಳೆ ಮೀನಿನ ಬಾಲವನ್ನು ಮತ್ತೆ ಕಚ್ಚಿತು. ಮೋಕ್ಷಿತಾ ತವರು ಮಂಗಳೂರಿನಿಂದ ಬೆಳಿಗ್ಗೆಯಷ್ಟೇ ತಂದ ಮೀನು ಈ ಕಿತ್ತಳೆ. ಸಂಜೆಯವರೆಗೆ ಉಳಿಯುವ ಹಾಗೆ ಕಾಣಲಿಲ್ಲ.

“ನೀಲಿಯ ಮನೆ ಅದು. ಹೊಸಬರು ಸ್ವಲ್ಪ ತಗ್ಗಿ ಬಗ್ಗಿ ಇರ್ಬೇಕು,” ಎಂದರು ಅತ್ತೆ ಹೊನ್ನಮ್ಮ.

“ತಗ್ಗಿ ಬಗ್ಗಿಯೇ ಇದೆ ಅತ್ತೆ. ಬಾಲ ಉಳೀಲಿಲ್ಲ, ಅಷ್ಟೆ. ಕಲ್ಲುಗಳ ಜಾಗ ಬದಲಿಸಿದ್ರೆ ನೀಲಿಗೆ ತನ್ನ ಮನೆ ಯಾವುದೂಂತಲೇ ಗೊತ್ತಾಗ್ಲಿಕ್ಕಿಲ್ಲ. ಕಚ್ಚೋದು ಬಿಡ್ತದೆ.”

“ಕಲ್ಲಿಗೆ ಕೈ ಹಾಕ್ಬೇಡ ಮಾರಾಯ್ತಿ. ಒಂದೊಂದನ್ನೂ ನಾನೇ ಕೂರಿಸಿದ್ದು.” ಸಂಪಾಜೆಯ ಆ ಮನೆಯಲ್ಲಿ ಈ ಪುಟ್ಟ ಉಪ್ಪುನೀರಿನ ಅಕ್ವೇರಿಯಂನಿಂದ ಅಡುಗೆಮನೆಯವರೆಗೆ ಎಲ್ಲಕ್ಕೂ ಜಾಗ ಗೊತ್ತುಮಾಡಿದವರು ಹೊನ್ನಮ್ಮ. ಮದುವೆಯಾಗಿ ಬಂದ ಮೋಕ್ಷಿತಾ ಉಪ್ಪಿನ ಡಬ್ಬವನ್ನು ಒಲೆಯ ಪಕ್ಕ ಇಟ್ಟಾಗಲೆಲ್ಲ ಅವರು ಅದನ್ನು ಮೇಲಿನ ಕಪಾಟಿಗೆ ಸೇರಿಸುತ್ತಿದ್ದರು.

“ಹಾಗಾದ್ರೆ ಅಂಗಡಿಗೆ ವಾಪಸ್ ಕೊಡ್ತೇನೆ,” ಎಂದು ಮೋಕ್ಷಿತಾ ಬಲೆ ತೆಗೆದುಕೊಂಡಳು. ಕಿತ್ತಳೆ ಮೀನು ಗಾಜಿನ ಮೂಲೆಗೆ ಒತ್ತಿಕೊಂಡು ಕಿವಿರು ಬಡಿಯುತ್ತಿತ್ತು. ಹೊನ್ನಮ್ಮ ಅದನ್ನು ನೋಡಿದರು, ಸೊಸೆಯ ಮುಖವನ್ನೂ ನೋಡಿದರು. “ನಿಲ್ಲು” ಎಂದವರೇ ಬಳೆಗಳ ಸಮೇತ ಮೊಣಕೈವರೆಗೆ ಕೈ ಇಳಿಸಿ ದೊಡ್ಡ ಕಲ್ಲನ್ನು ಎತ್ತಿ ಆಚೆ ಇಟ್ಟರು. ಉಳಿದವನ್ನೂ ಬದಲಿಸಿದರು. ನೀಲಿ ಮೀನು ತನ್ನ ಸಂದಿಯನ್ನು ಹುಡುಕುತ್ತ ಸುತ್ತು ಹಾಕಿತು. ಕಿತ್ತಳೆಯ ಪಕ್ಕದಲ್ಲೇ ಹಾದುಹೋಯಿತು, ಕಚ್ಚಲಿಲ್ಲ. ಕಿತ್ತಳೆ ಮೀನು ಮೂಲೆ ಬಿಟ್ಟು ಮೆಲ್ಲಗೆ ಒಂದು ಕಲ್ಲಿನ ಅಡಿಗೆ ಸೇರಿಕೊಂಡಿತು.

ಹೊನ್ನಮ್ಮ ಸೆರಗಿಗೆ ಕೈ ಒರೆಸಿಕೊಂಡರು. “ಆ ಉಪ್ಪಿನ ಡಬ್ಬ ಎಲ್ಲಿ ಬೇಕೂಂದಿದ್ದೆ ನೀನು?”